ಗುರುತ್ವ ಅಲೆ ಅಂದ್ರೆ ಏನು, ಹಿಡಿಯೋದು ಹೆಂಗೆ ಅಂತ ಮನೆಯವ್ರಿಗೆಲ್ಲ ಹೇಳೋದು ಹೇಗೆ?

ತುಂಗಾತೀರ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಮಗಳ ಸ್ಕೂಲಿಗೆ ಯಾರೋ ಬಂದು ಗುರುತ್ವ ಅಲೆ ಬಗ್ಗೆ ಮಾತಾಡಿ ಹೋಗಿದಾರೆ, ನಾಲ್ಕು ಮಕ್ಕಳ ಕೈಲಿ ಬೆಡ್‌ಶೀಟ್ ಹಿಡಿಸಿ ಮಧ್ಯಕ್ಕೆ ಭಾರದ ಗುಂಡು ಇಟ್ಟು ಗೋಲಿ ಉರುಳಿಸಿ ತೋರ್ಸಿದಾರಂತೆ. ಮನೆಗೆ ಬಂದು ತಮ್ಮನಿಗೂ ಅದನ್ನೇ ಮಾಡಿ ತೋರ್ಸಿದ್ಲು, ಅವನು ಕೇಳಿದ್ದು ಒಂದೇ, "ಆಕಾಶದಲ್ಲಿ ಬೆಡ್‌ಶೀಟ್ ಎಲ್ಲಿದೆ ಅಕ್ಕ?" ಅವಳ ಹತ್ರ ಉತ್ತರ ಇರ್ಲಿಲ್ಲ, ನಾನು ಕಾಮರ್ಸ್ ಓದಿದವಳು, ನನ್ನ ಹತ್ರನೂ ಇಲ್ಲ.

ಇದನ್ನೆಲ್ಲ ಕೇಳಿಸ್ಕೊಂಡು ನಮ್ಮ ಮಾವ ಒಂದು ಪ್ರಶ್ನೆ ಹಾಕಿದ್ರು. ಅವ್ರು ಸರ್ವೆ ಇಲಾಖೆಲಿದ್ದು ರಿಟೈರ್ ಆದವ್ರು, ಚೈನು ಟೇಪು ಹಿಡಿದು ಊರೂರು ಜಮೀನು ಅಳೆದವ್ರು. ಜಾಗನೇ ಹಿಗ್ಗುತ್ತೆ ಅಂತೀರಲ್ಲ, ಹಾಗಿದ್ರೆ ಅಳೆಯೋ ಟೇಪೂ ಜೊತೆಲೇ ಹಿಗ್ಗಬೇಕಲ್ವಾ, ಮತ್ತೆ ಹಿಗ್ಗಿದ್ದು ಗೊತ್ತಾಗೋದು ಹೆಂಗೆ ಅಂತ. ಯೂಟ್ಯೂಬಲ್ಲಿ ಎಷ್ಟು ಹುಡುಕಿದ್ರೂ ಈ ಪ್ರಶ್ನೆಗೆ ಕನ್ನಡದಲ್ಲಿ ಸರಿಯಾಗಿ ಹೇಳಿರೋದು ಸಿಗ್ಲಿಲ್ಲ. ಮಕ್ಕಳೂ ಮಾವನೂ ಒಟ್ಟಿಗೆ ಕೂತು ಕೇಳೋ ಹಾಗೆ ಹೇಳ್ಬೇಕು ಅಂತ ಆಸೆ. ಅಲೆ ಅಂದ್ರೆ ಅಲ್ಲಿ ಅಲುಗಾಡ್ತಿರೋದು ಏನು, ಅದನ್ನ ಹಿಡಿದಿದ್ದು ಹೆಂಗೆ, ತಿಳಿದವ್ರು ದಯವಿಟ್ಟು ಬಿಡಿಸಿ ಹೇಳಿ.

—

ಪಿಯು_ಫಿಸಿಕ್ಸ್ ಬರೆದದ್ದು:

ಮೇಡಂ, ಮೊದಲು ಆ ಬೆಡ್‌ಶೀಟ್ ಮಡಚಿ ಬೀರುಗೆ ಹಾಕಿ. ನಾನು ಕ್ಲಾಸಲ್ಲಿ ಅದನ್ನ ಮಾಡೋದು ಬಿಟ್ಟು ತುಂಬಾ ಕಾಲ ಆಯ್ತು. ಅಲ್ಲಿ ಗುಂಡು ಕೆಳಗೆ ಇಳಿಯೋದೇ ಭೂಮಿ ಎಳೆಯೋದ್ರಿಂದ, ಅಂದ್ರೆ ಗುರುತ್ವ ಏನು ಅಂತ ಹೇಳೋಕೆ ಗುರುತ್ವವನ್ನೇ ಬಳಸ್ತಿದೀವಿ, ಮಕ್ಕಳು ಅದನ್ನ ಹಿಡಿದುಬಿಡ್ತಾರೆ. ನಿಮ್ಮ ಮಗನ ಪ್ರಶ್ನೆ ನೂರಕ್ಕೆ ನೂರು ಸರಿ, ಅವನಿಗೆ ಹಾಗಂತ ಹೇಳಿ.

ಅಲೆ ಏನು ಮಾಡುತ್ತೆ ಅನ್ನೋದ್ರಿಂದ ಶುರು ಮಾಡಿ, ಅದು ಸುಲಭ. ಎರಡು ವಸ್ತು ಸುಮ್ನೆ ಇದ್ದ ಜಾಗದಲ್ಲೇ ಇವೆ, ಯಾರೂ ತಳ್ಳಿಲ್ಲ ಎಳೆದಿಲ್ಲ. ಗುರುತ್ವ ಅಲೆ ಅವುಗಳ ಮೂಲಕ ಹಾದುಹೋದಾಗ ಅವೆರಡರ ನಡುವಿನ ದೂರ ಸ್ವಲ್ಪ ಜಾಸ್ತಿ ಆಗುತ್ತೆ, ಆಮೇಲೆ ಕಡಿಮೆ ಆಗುತ್ತೆ, ಮತ್ತೆ ಜಾಸ್ತಿ, ಮತ್ತೆ ಕಡಿಮೆ. ಪೂರ್ವ-ಪಶ್ಚಿಮ ದೂರ ಹಿಗ್ಗಿದಾಗ ಉತ್ತರ-ದಕ್ಷಿಣ ಕುಗ್ಗಿರುತ್ತೆ, ಮರುಕ್ಷಣ ಅದಲು ಬದಲು. ಅಲುಗಾಡ್ತಿರೋದು ಏನು ಅಂದ್ರೆ ದೂರವೇ. ನೀರೂ ಅಲ್ಲ ಗಾಳಿನೂ ಅಲ್ಲ. ಇದು ಬೆಳಕಿನ ವೇಗದಲ್ಲಿ ಹರಡುತ್ತೆ, ಯಾವ ಗೋಡೆ, ಗ್ರಹ, ನಕ್ಷತ್ರನೂ ಅದನ್ನ ತಡೆಯೋದಿಲ್ಲ. 1916ರಲ್ಲೇ ಐನ್‌ಸ್ಟೈನ್ ಲೆಕ್ಕ ಹಾಕಿ ಹೀಗೊಂದು ಇರ್ಬೇಕು ಅಂದಿದ್ರು, ಹಿಡಿಯೋಕೆ ಸುಮಾರು ನೂರು ವರ್ಷ ಬೇಕಾಯ್ತು.

ಇನ್ನು ಹಿಡಿಯೋದು. ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ. ಒಂದು ಮೂಲೆಲಿ ಇಬ್ಬರನ್ನೂ ನಿಲ್ಲಿಸಿ, ಒಬ್ರು ನೇರ ಮುಂದಕ್ಕೆ, ಇನ್ನೊಬ್ರು ಬಲಕ್ಕೆ, ಎಲ್ ಅಕ್ಷರದ ಆಕಾರ. ಎರಡೂ ಕಡೆ ಅಷ್ಟಷ್ಟೇ ದೂರದಲ್ಲಿ ಒಂದೊಂದು ಗೂಟ. ಇಬ್ರೂ ಒಂದೇ ಸ್ಪೀಡಲ್ಲಿ ಓಡಿ ಗೂಟ ಮುಟ್ಟಿ ವಾಪಸ್ ಬರ್ಬೇಕು. ಒಟ್ಟಿಗೆ ಬಂದ್ರೆ ಎರಡೂ ದೂರ ಸಮ. ಈಗ ಅವ್ರಿಗೆ ಗೊತ್ತಿಲ್ಲದ ಹಾಗೆ ಒಂದು ಗೂಟ ಹಿಂದಕ್ಕೆ ಸರಿಸಿ, ಆ ಕಡೆ ಓಡಿದವ್ರು ಲೇಟಾಗಿ ಬರ್ತಾರೆ. ಟೇಪು ಹಿಡಿಯದೇ ಯಾವ ಕಡೆ ಉದ್ದ ಆಗಿದೆ ಅಂತ ಗೊತ್ತಾಯ್ತು. ಗುರುತ್ವ ಅಲೆ ಹಿಡಿಯೋಕೆ ಅಂತಾನೇ ಅಮೆರಿಕದಲ್ಲಿ ಕಟ್ಟಿರೋ ಲೈಗೋ ಅನ್ನೋ ದೊಡ್ಡ ಯಂತ್ರ ಮಾಡೋದು ಇದನ್ನೇ. ಓಡೋರ ಬದಲು ಲೇಸರ್ ಬೆಳಕು, ಗೂಟದ ಬದಲು ಕನ್ನಡಿ, ಒಂದೊಂದು ತೋಳು 4 ಕಿ.ಮೀ.

ಒಂದೇ ಲೇಸರ್ ಕಿರಣವನ್ನ ಎರಡಾಗಿ ಸೀಳಿ ಎರಡು ತೋಳಿಗೂ ಕಳಿಸ್ತಾರೆ, ವಾಪಸ್ ಬಂದದ್ದನ್ನ ಮತ್ತೆ ಸೇರಿಸ್ತಾರೆ. ಬೆಳಕೂ ಏರು-ಇಳಿವು ಇರೋ ಅಲೆನೇ ಆದ್ದರಿಂದ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಸರಿಯಾಗಿ ಕೂತ್ರೆ ಎರಡೂ ಒಂದನ್ನೊಂದು ಅಳಿಸಿಹಾಕಿ ಕತ್ತಲಾಗುತ್ತೆ. ಲೈಗೋನ ಹೆಚ್ಚುಕಡಿಮೆ ಆ ಕತ್ತಲಿಗೇ ಸೆಟ್ ಮಾಡಿ ಇಟ್ಟಿರ್ತಾರೆ. ಒಂದು ತೋಳು ಒಂದು ಚೂರು ಉದ್ದ ಆದ್ರೂ ಲೆಕ್ಕ ತಪ್ಪುತ್ತೆ, ಅಳಿಸ್ಕೊಳ್ಳೋದು ಪೂರ್ತಿ ಆಗಲ್ಲ, ಡಿಟೆಕ್ಟರ್ ಮೇಲೆ ಬೀಳೋ ಬೆಳಕು ಬದಲಾಗುತ್ತೆ. ಅಷ್ಟೇ ಸಿಗ್ನಲ್.

ಆದ್ರೆ ಆ "ಒಂದು ಚೂರು" ಎಷ್ಟು ಅನ್ನೋದನ್ನ ಮಾತ್ರ ನಿಧಾನವಾಗಿ ಹೇಳಿ, ಅವಸರ ಮಾಡ್ಬೇಡಿ. 2015ರಲ್ಲಿ ಮೊದಲು ಸಿಕ್ಕ ಅಲೆ 4 ಕಿ.ಮೀ. ತೋಳನ್ನ ಬದಲಾಯಿಸಿದ್ದು ಒಂದು ಪ್ರೋಟಾನಿನ ಅಗಲದ ನೂರಾರು ಪಾಲಲ್ಲಿ ಒಂದು ಪಾಲು. ಪ್ರೋಟಾನ್ ಇರೋದು ಪರಮಾಣುವಿನ ನಡುಮಧ್ಯದ ಕೇಂದ್ರದಲ್ಲಿ. ಎಂಟನೇ ಕ್ಲಾಸಿನ ಹುಡುಗಿ ಪರಮಾಣು ಓದಿರ್ತಾಳೆ, ಅವಳಿಗೆ ಇದು ತಟ್ಟುತ್ತೆ. ಇಷ್ಟು ಸಣ್ಣದು ಸಿಗ್ಲಿ ಅಂತಾನೇ ಬೆಳಕನ್ನ ತೋಳಿನೊಳಗೆ ಸುಮಾರು 300 ಸಲ ಹೋಗಿ ಬರೋ ಹಾಗೆ ಮಾಡಿದಾರೆ, 4 ಕಿ.ಮೀ. ತೋಳು 1200 ಕಿ.ಮೀ. ಇದ್ದ ಹಾಗೆ ಕೆಲಸ ಮಾಡುತ್ತೆ. ಕನ್ನಡಿ ಒಂದೊಂದು 40 ಕೆ.ಜಿ. ಶುದ್ಧ ಗಾಜಿನ ದಿಂಡು, ಅದನ್ನ ನಾಲ್ಕು ಹಂತದ ಲೋಲಕದ ಕೊನೇಲಿ 0.4 ಮಿ.ಮೀ. ದಪ್ಪದ ಗಾಜಿನ ಎಳೆಗಳಲ್ಲಿ ತೂಗು ಹಾಕಿದಾರೆ, ನೆಲದ ನಡುಕ ಕನ್ನಡಿ ತನಕ ಬರಬಾರದು ಅಂತ. ಕೊಳವೆಯೊಳಗಿನ ಗಾಳಿಯನ್ನೂ ತೆಗೆದಿದಾರೆ, ಒಳಗಿನ ಒತ್ತಡ ಹೊರಗಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ.

ಮಾವನವರ ಪ್ರಶ್ನೆ ಬಹಳ ದೊಡ್ಡದು, ಇದೇ ಫೀಲ್ಡಲ್ಲಿ ಇರೋರು ಯಾರಾದ್ರೂ ಬರೀತಾರೆ ಅಂತ ಬಿಟ್ಟಿದೀನಿ.

—

ಎರಡ್ಮಕ್ಕಳಪ್ಪ ಬರೆದದ್ದು:

ಸರ್, ನಿಮ್ಮ ವಿವರಣೆ ಚೆನ್ನಾಗಿದೆ, ಆದ್ರೆ ಬೆಡ್‌ಶೀಟ್ ಪೂರ್ತಿ ಬೇಡ ಅನ್ನೋದು ಒಪ್ಪಲ್ಲ. ನಾಲ್ಕನೇ ಕ್ಲಾಸಿನ ಮಗುಗೆ "ದೂರ ಅಲುಗಾಡುತ್ತೆ" ಅಂದ್ರೆ ಕಣ್ಣಿಗೆ ಏನೂ ಕಾಣಲ್ಲ, ಕೈಗೆ ಏನೂ ಸಿಗಲ್ಲ. ಬೆಡ್‌ಶೀಟಲ್ಲಿ ಕನಿಷ್ಠ ಭಾರದ ವಸ್ತು ಸುತ್ತಲಿನ ಜಾಗವನ್ನ ಬದಲಾಯಿಸುತ್ತೆ ಅನ್ನೋದಾದ್ರೂ ಮನಸಲ್ಲಿ ಉಳಿಯುತ್ತೆ, ತಪ್ಪನ್ನ ದೊಡ್ಡವರಾದ್ಮೇಲೆ ತಿದ್ಕೊಳ್ಳಬಹುದು.

—

ಪಿಯು_ಫಿಸಿಕ್ಸ್ ಬರೆದದ್ದು:

ತಿದ್ದೋದೇ ಕಷ್ಟ ಸರ್, ಅದು ನನ್ನ ಅನುಭವ. ಪಿಯುಸಿಗೆ ಬರೋ ಮಕ್ಕಳಲ್ಲಿ ಎಷ್ಟೋ ಜನ ಭೂಮಿ ಯಾವುದೋ ಹಳ್ಳದ ಅಂಚಲ್ಲಿ ಉರುಳ್ತಿದೆ ಅಂದ್ಕೊಂಡೇ ಬರ್ತಾರೆ. ಕಣ್ಣಿಗೆ ಕಾಣ್ಬೇಕು ಅಂದ್ರೆ ಒಂದು ಅಗಲವಾದ ರಬ್ಬರ್ ಹಾಳೆ ಮೇಲೆ ಪೆನ್ನಲ್ಲಿ ಬಳೆ ಆಕಾರದಲ್ಲಿ ದುಂಡಗೆ ಚುಕ್ಕಿಗಳನ್ನ ಇಡಿ, ಎರಡು ಕಡೆ ಹಿಡಿದು ಎಳೀರಿ. ದುಂಡು ಉದ್ದಕ್ಕೆ ಹಿಗ್ಗಿ ಅಡ್ಡಕ್ಕೆ ಕುಗ್ಗಿ ಮೊಟ್ಟೆ ಆಕಾರ ಆಗುತ್ತೆ. ಗುರುತ್ವ ಅಲೆ ಹಾದುಹೋದಾಗ ಚುಕ್ಕಿಗಳಿಗೆ ಆಗೋದು ಅದೇ ಆಕಾರ, ಇಲ್ಲಿ ಹಳ್ಳನೂ ಇಲ್ಲ ಉರುಳೋದೂ ಇಲ್ಲ.

—

ಹೆಸರಘಟ್ಟ_ಬಸ್ ಬರೆದದ್ದು:

ನಾನು ಈ ಅಲೆಗಳ ಡೇಟಾ ಮೇಲೇ ಪಿಎಚ್‌ಡಿ ಮಾಡ್ತಿದೀನಿ. ತುಂಗಾತೀರ ಅಕ್ಕ, ನಿಮ್ಮ ಮಾವನವ್ರು ಕೇಳಿದ್ದು ನಮ್ಮ ಫೀಲ್ಡಿಗೆ ಹೊಸದಾಗಿ ಬಂದವ್ರೆಲ್ಲ ಕೇಳೋ ಪ್ರಶ್ನೆ, ಮೇಲ್ನೋಟಕ್ಕೆ ಅವ್ರು ಹೇಳಿದ್ದೇ ಸರಿ ಅನ್ಸುತ್ತೆ ಕೂಡ. ಜಾಗ ಹಿಗ್ಗಿದ್ರೆ ಅದರೊಳಗಿನ ಬೆಳಕಿನ ಅಲೆನೂ ಹಿಗ್ಗುತ್ತೆ, ಹಾಗಾಗಿ ವ್ಯತ್ಯಾಸ ಕಾಣಲೇಬಾರದು ಅಲ್ವಾ?

ಮೊದಲು ಉಕ್ಕಿನ ಟೇಪಿನ ವಿಷಯ. ಟೇಪಿನ ಪರಮಾಣುಗಳು ಒಂದನ್ನೊಂದು ವಿದ್ಯುತ್ ಬಲದಿಂದ ಗಟ್ಟಿಯಾಗಿ ಹಿಡ್ಕೊಂಡಿರುತ್ತವೆ, ಅಲೆ ಬಂದು ಹಿಗ್ಗಿಸೋಕೆ ನೋಡಿದ್ರೂ ಆ ಹಿಡಿತ ತಡೆಯುತ್ತೆ, ಆದ್ದರಿಂದ ಟೇಪು ಜಾಗದ ಜೊತೆ ಪೂರ್ತಿ ಹಿಗ್ಗೋದಿಲ್ಲ. ಲೈಗೋದ ಕನ್ನಡಿಗಳ ಮಧ್ಯೆ ಅಂಥ ಹಿಡಿತ ಏನೂ ಇಲ್ಲ, ತೋಳಿನ ದಿಕ್ಕಲ್ಲಿ ಅವು ಸ್ವತಂತ್ರವಾಗಿ ತೂಗ್ತಿವೆ, ಅಲೆ ಹೇಳಿದ ಹಾಗೆ ದೂರ ಸರೀತವೆ, ಹತ್ರ ಬರ್ತವೆ. ಸರ್ವೆ ಮಾಡಿದವ್ರಿಗೆ ಈ ಫರಕು ತಕ್ಷಣ ಗೊತ್ತಾಗುತ್ತೆ ಅನ್ಸುತ್ತೆ.

ಈಗ ಬೆಳಕು. ನಿಜ, ಅಲೆ ಬಂದ ಗಳಿಗೆಲಿ ತೋಳಿನೊಳಗೆ ಆಗ್ಲೇ ಇದ್ದ ಬೆಳಕೂ ಹಿಗ್ಗುತ್ತೆ. ಆದ್ರೆ ಆ ಬೆಳಕು ಅಲ್ಲೇ ಕೂತಿರಲ್ಲ, ಓಡ್ತಿರುತ್ತೆ. 4 ಕಿ.ಮೀ. ಹೋಗಿ ಬರೋಕೆ ಸೆಕೆಂಡಿನ ಲಕ್ಷದ ಮೂರು ಪಾಲಿಗಿಂತ ಕಡಿಮೆ ಸಾಕು, ಮುನ್ನೂರು ಸಲ ಓಡಾಡಿದ್ರೂ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೊರಗೆ ಬಂದಾಯ್ತು. ಆದ್ರೆ ಸೆಕೆಂಡಿಗೆ 50 ಸಲ ಏರಿಳಿಯೋ ಗುರುತ್ವ ಅಲೆ ಒಂದು ಸಲ ಹಿಗ್ಗಿ ಕುಗ್ಗೋಕೆ 20 ಮಿಲಿಸೆಕೆಂಡ್ ಬೇಕು. ಅಂದ್ರೆ ತೋಳು ಹಿಗ್ಗಿಕೊಂಡೇ ಇರೋವಾಗ ಹಳೇ ಬೆಳಕು ಹೊರಗೆ ಹೋಗಿ ಲೇಸರಿಂದ ಹೊಸ ಬೆಳಕು ಒಳಗೆ ಬಂದಿರುತ್ತೆ, ಈ ಹೊಸ ಬೆಳಕಿನ ಅಲೆಯುದ್ದ ಲೇಸರ್ ಕೊಟ್ಟ ಅಲೆಯುದ್ದನೇ, ಹಿಗ್ಗಿದ್ದಲ್ಲ. ಅದಕ್ಕೆ ಈಗ ದಾರಿ ಉದ್ದ ಆಗಿದೆ, ಬೆಳಕಿನ ವೇಗ ಮಾತ್ರ ಬದಲಾಗಲ್ಲ, ಆದ್ದರಿಂದ ಲೇಟಾಗಿ ವಾಪಸ್ ಬರುತ್ತೆ. ನಾವು ನೋಡೋದು ಆ ಲೇಟನ್ನ. ಬೆಳಕನ್ನ ಇಲ್ಲಿ ಟೇಪಾಗಿ ಬಳಸ್ತಿಲ್ಲ, ಗಡಿಯಾರವಾಗಿ ಬಳಸ್ತಿದೀವಿ ಅಂತ ಮಾವನವ್ರಿಗೆ ಹೇಳಿ. ಒಂದು ತೋಳಿನ ಬೆಳಕು ಬಂದ ಸಮಯಕ್ಕೂ ಇನ್ನೊಂದರದ್ದಕ್ಕೂ ಹೋಲಿಕೆ ಮಾಡೋದು, ಅಷ್ಟೇ. ಪಿಯು ಸರ್ ಹೇಳಿದ ಓಟದಲ್ಲೂ ಅಳೆದಿದ್ದು ಯಾರು ಮೊದಲು ಬಂದ್ರು ಅನ್ನೋದನ್ನ ತಾನೇ.

—

ತುಂಗಾತೀರ ಬರೆದದ್ದು:

ಗಡಿಯಾರ ಅಂದ ತಕ್ಷಣ ಮಾವ ಕನ್ನಡಕ ತೆಗೆದಿಟ್ಟು "ಹಾಂ, ಈಗ ಸರಿಹೋಯ್ತು" ಅಂದ್ರು. ಆಮೇಲೆ ಅವರೇ ಪೇಪರ್ ಮೇಲೆ ಎಲ್ ಆಕಾರ ಬರೆದು ಮಗನಿಗೆ ಇನ್ನೊಂದು ಸಲ ಹೇಳಿಕೊಟ್ರು.

ಈಗ ಮಕ್ಕಳ ಕಡೆಯಿಂದ ಇನ್ನೆರಡು. ಮಗಳದ್ದು, ಪ್ರೋಟಾನಿಗಿಂತ ಸಣ್ಣದನ್ನ ಅಳೀತಾರೆ ಅಂದ್ರೆ ರೋಡಲ್ಲಿ ಲಾರಿ ಹೋದ್ರೂ ಅದಕ್ಕಿಂತ ಕೋಟಿ ಪಟ್ಟು ಅಲುಗುತ್ತಲ್ಲ, ಅದು ಲಾರಿ ಅಲ್ಲ ಅಲೆನೇ ಅಂತ ಹೆಂಗೆ ಗೊತ್ತಾಯ್ತು? ಮಗನದ್ದು, ಆವತ್ತು ನಾವೂ ಹಿಗ್ಗಿದ್ವಾ?

—

ಹೆಸರಘಟ್ಟ_ಬಸ್ ಬರೆದದ್ದು:

ಮಗನಿಗೆ ಮೊದಲು, ಯಾಕಂದ್ರೆ ಅದು ಚಂದದ ಪ್ರಶ್ನೆ. ಹೌದು ಪುಟ್ಟ, ಆ ಅಲೆ ಭೂಮಿ ಮೇಲಿದ್ದ ಎಲ್ರ ಮೂಲಕನೂ ಹೋಗಿದೆ. 2015ರ ಸೆಪ್ಟೆಂಬರ್ 14, ಸೋಮವಾರ, ನಮ್ಮ ಟೈಮಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಆವತ್ತು ಆ ಹೊತ್ತಿಗೆ ನಿಮ್ಮ ಅಮ್ಮ, ತಾತ ಎಲ್ಲಿದ್ರೂ ಅವ್ರ ಮೂಲಕನೂ ಹೋಯ್ತು. ಒಬ್ಬ ಮನುಷ್ಯನ ಎತ್ತರದಷ್ಟು ಜಾಗಕ್ಕೆ ಆದ ಬದಲಾವಣೆ ಪ್ರೋಟಾನಿನ ಅಗಲದ ಸುಮಾರು ಹತ್ತು ಲಕ್ಷದ ಒಂದು ಪಾಲು, ಅದನ್ನೂ ನಮ್ಮ ಮೂಳೆ ಮಾಂಸದ ಹಿಡಿತ ಒಂದಿಷ್ಟು ತಡೆದಿರುತ್ತೆ. ನೋವಿಲ್ಲ, ಅಪಾಯ ಇಲ್ಲ.

ಆದ್ರೆ ಅದು ಹೊರಟ ಜಾಗದಲ್ಲಿ ಅದು ಸಣ್ಣದಾಗಿರಲಿಲ್ಲ. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು (ಬೆಳಕೂ ತಪ್ಪಿಸ್ಕೊಳ್ಳೋಕೆ ಆಗದಷ್ಟು ಜೋರಾಗಿ ಎಳೆಯೋ ಬ್ಲ್ಯಾಕ್ ಹೋಲ್) ಒಂದರ ಸುತ್ತ ಒಂದು ಸುತ್ತುತ್ತಾ ಡಿಕ್ಕಿ ಹೊಡೆದು ಒಂದಾದವು. ಒಂದಾದ ಮೇಲೆ ಉಳಿದ ತೂಕ 62 ಸೂರ್ಯನಷ್ಟು. ಕೂಡಿಸಿ ನೋಡು ಅಂತ ಮಗಳಿಗೆ ಹೇಳಿ, ಮೂರು ಸೂರ್ಯ ಕಡಿಮೆ ಬರುತ್ತೆ. ಆ ಮೂರು ಸೂರ್ಯನಷ್ಟು ದ್ರವ್ಯ ಪೂರ್ತಿ ಗುರುತ್ವ ಅಲೆಯಾಗಿ ಹೋಯ್ತು, ಅದೂ ಸೆಕೆಂಡಿನ ಒಂದು ಪಾಲಿನೊಳಗೆ. ಆ ಒಂದು ಗಳಿಗೆಲಿ ಹೊರಬಂದ ಶಕ್ತಿ ನಮಗೆ ಕಾಣೋ ವಿಶ್ವದ ಎಲ್ಲಾ ನಕ್ಷತ್ರಗಳ ಬೆಳಕನ್ನ ಸೇರಿಸಿದ್ರೂ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇತ್ತು. ಆಮೇಲೆ ಸುಮಾರು 130 ಕೋಟಿ ವರ್ಷ ಪ್ರಯಾಣ ಮಾಡಿ, ದೂರ ಜಾಸ್ತಿ ಆದ ಹಾಗೆ ಕ್ಷೀಣಿಸುತ್ತಾ ಬಂದು ನಮ್ಮನ್ನ ಮುಟ್ಟಿದ್ದು.

ಈಗ ಲಾರಿ. ಮಗಳ ಅನುಮಾನ ಸರಿ, ಲಾರಿ, ರೈಲು, ದೂರದ ಸಮುದ್ರದ ತೆರೆ, ಇನ್ನೆಲ್ಲೋ ಆದ ಭೂಕಂಪ ಎಲ್ಲಾನೂ ಲೈಗೋಗೆ ತಿಳಿಯುತ್ತೆ. ಹ್ಯಾನ್‌ಫೋರ್ಡಲ್ಲಿ ಒಂದು ಸಲ ವಿಚಿತ್ರ ಸದ್ದು ಡೇಟಾದಲ್ಲಿ ಬರ್ತಿತ್ತು, ಹುಡುಕ್ಕೊಂಡು ಹೋದ್ರೆ ಕಾಗೆ ಜಾತಿಯ ರೇವನ್ ಹಕ್ಕಿಗಳು ಪೈಪಿನ ಮೇಲೆ ಕಟ್ಟಿದ್ದ ಐಸನ್ನ ಕುಕ್ತಾ ಇದ್ವು. ಇದಕ್ಕೋಸ್ಕರನೇ ಲೈಗೋ ಒಂದಲ್ಲ ಎರಡು. ಒಂದು ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡಲ್ಲಿ, ಇನ್ನೊಂದು ಲೂಸಿಯಾನದ ಲಿವಿಂಗ್‌ಸ್ಟನ್‌ನಲ್ಲಿ, ಮಧ್ಯೆ 3000 ಕಿ.ಮೀ. ಅಲ್ಲಿನ ಲಾರಿ ಇಲ್ಲಿಗೆ ಬರಲ್ಲ, ಇಲ್ಲಿನ ಹಕ್ಕಿ ಅಲ್ಲಿಗೆ ಹೋಗಲ್ಲ. ಎರಡು ಕಡೆನೂ ಒಂದೇ ಆಕಾರದ ಕಂಪನ 10 ಮಿಲಿಸೆಕೆಂಡಿನ ಒಳಗೆ ಸಿಗ್ಬೇಕು, ಬೆಳಕಿನ ವೇಗದಲ್ಲಿ ಆ ದೂರ ದಾಟೋಕೆ ಅಷ್ಟು ಸಾಕು. ಆವತ್ತು ಲಿವಿಂಗ್‌ಸ್ಟನ್‌ಗೆ ಮೊದಲು, 7 ಮಿಲಿಸೆಕೆಂಡ್ ಬಿಟ್ಟು ಹ್ಯಾನ್‌ಫೋರ್ಡಿಗೆ ಬಂತು.

ಆಕಾರನೂ ಮುಖ್ಯ. ಎರಡು ಕಪ್ಪುಕುಳಿ ಹತ್ರ ಬಂದ ಹಾಗೆ ಸುತ್ತೋ ವೇಗ ಏರುತ್ತೆ, ಅಲೆನೂ ಏರುತ್ತೆ, ಸೆಕೆಂಡಿಗೆ 35 ಸಲದಿಂದ ಶುರುವಾಗಿ 250ಕ್ಕೆ ಹೋಗಿ ನಿಂತುಬಿಡ್ತು, ಎಲ್ಲ ಸೇರಿ 0.2 ಸೆಕೆಂಡ್. ಲಾರಿ ಅಂಥ ಆಕಾರ ಬರೆಯಲ್ಲ. ಇಷ್ಟಾದ್ರೂ ಲೈಗೋ ತಂಡದವ್ರು ತಕ್ಷಣ ನಂಬಲಿಲ್ಲ. ಮೊದಲು ನೋಡಿದ್ದು ಜರ್ಮನಿಯ ಹ್ಯಾನೋವರಲ್ಲಿ ಕೆಲಸ ಮಾಡ್ತಿದ್ದ ಮಾರ್ಕೊ ಡ್ರಾಗೊ, ಕಂಪ್ಯೂಟರ್ ಕಳಿಸಿದ ಈಮೇಲಲ್ಲಿ. ಇದು ಪರೀಕ್ಷೆಗೆ ಅಂತ ಒಳಗಿನವ್ರೇ ಹಾಕಿದ ಸುಳ್ಳು ಸಿಗ್ನಲ್ ಇರ್ಬೇಕು ಅನ್ನೋ ಅನುಮಾನನೇ ಮೊದಲು ಬಂದಿದ್ದು, ಯಾಕಂದ್ರೆ 2010ರಲ್ಲಿ ನಿಜವಾಗ್ಲೂ ಹಾಗೆ ಗುಟ್ಟಾಗಿ ಹಾಕಿ ತಂಡವನ್ನ ಪರೀಕ್ಷೆ ಮಾಡಿದ್ರು. ಎಲ್ಲಾ ಪರಿಶೀಲನೆ ಮುಗಿಸಿ ಜಗತ್ತಿಗೆ ಹೇಳಿದ್ದು 2016ರ ಫೆಬ್ರವರಿ 11ಕ್ಕೆ. ಈ ತಿಂಗಳುಗಳ ಕಥೆ ಮಕ್ಕಳಿಗೆ ಖಂಡಿತ ಹೇಳಿ ಅಕ್ಕ, 2017ರ ನೊಬೆಲ್ ಸಿಕ್ಕಿದ್ದಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತೆ.

—

ಹೈಗ್ರೌಂಡ್ಸ್ ಬರೆದದ್ದು:

ಇಷ್ಟು ಮಾತಾಡಿದ್ರಿ, ಸಿ.ವಿ. ವಿಶ್ವೇಶ್ವರ ಅವರ ಹೆಸರು ಬರ್ಲೇ ಇಲ್ವಲ್ಲ. ಬೆಂಗಳೂರಲ್ಲಿ 1938ರಲ್ಲಿ ಹುಟ್ಟಿದವ್ರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಆಮೇಲೆ ಅಮೆರಿಕಕ್ಕೆ ಹೋದ್ರು. ಕಪ್ಪುಕುಳಿ ಅನ್ನೋದು ಬರೀ ಲೆಕ್ಕದ ಆಟ ಅಂತ ಎಷ್ಟೋ ಜನ ಅಂದ್ಕೊಂಡಿದ್ದ ಕಾಲದಲ್ಲಿ, ಅದರ ಮೇಲೆ ಅಲೆ ಬಂದು ಬಿದ್ರೆ ಏನಾಗುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ರು. 1970ರಲ್ಲಿ ಅವ್ರು ತೋರಿಸಿದ್ದು, ಕಪ್ಪುಕುಳಿ ತನ್ನದೇ ಆದ ಒಂದು ಸ್ವರದಲ್ಲಿ ಕಂಪಿಸಿ ಬೇಗ ಶಾಂತ ಆಗುತ್ತೆ, ಆ ಸ್ವರ ಅದರ ತೂಕದ ಮೇಲೆ ನಿಂತಿರುತ್ತೆ. 2015ರ ಸಿಗ್ನಲಿನ ಕೊನೇಲಿ, ಎರಡು ಒಂದಾದ ಮೇಲೆ, ಕಾಣೋ ಆ ಚಿಕ್ಕ ಬಾಲ ಅದೇ. ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಅವ್ರು ತೀರಿಕೊಂಡಿದ್ದು 2017ರ ಜನವರಿಲಿ, ಅಂದ್ರೆ ತಾವು ಲೆಕ್ಕ ಹಾಕಿದ್ದು ಯಂತ್ರದಲ್ಲಿ ಸಿಕ್ಕಿದ್ದನ್ನ ಕಣ್ಣಾರೆ ನೋಡೇ ಹೋದ್ರು, ಅದು ನನಗೆ ಬಹಳ ಸಮಾಧಾನದ ವಿಷಯ. ತುಂಗಾತೀರ ಅವ್ರೇ, ಬೆಂಗಳೂರಿಗೆ ಬಂದಾಗ ಮಕ್ಕಳನ್ನ ತಾರಾಲಯಕ್ಕೆ ಕರ್ಕೊಂಡು ಹೋಗಿ, ಇದನ್ನ ಕಟ್ಟಿದವ್ರು ಇವ್ರು ಅಂತ ಹೇಳಿ.

ಅಲೆಯ ಆಕಾರ ಹೆಂಗಿರ್ಬೇಕು ಅನ್ನೋ ಲೆಕ್ಕದಲ್ಲೂ ಬೆಂಗಳೂರಿನ ಪಾಲಿದೆ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲ ಅಯ್ಯರ್ ಫ್ರಾನ್ಸಿನವ್ರ ಜೊತೆ ಸೇರಿ ಮಾಡಿದ ಕೆಲಸ. ಗದ್ದಲದ ಡೇಟಾದೊಳಗೆ ಆ ಆಕಾರ ಹುಡುಕೋ ವಿಧಾನಕ್ಕೆ ಪುಣೆಯ ಐಯುಕಾ ಅನ್ನೋ ಖಗೋಳ ಸಂಶೋಧನಾ ಕೇಂದ್ರದ ಸಂಜೀವ್ ಧುರಂಧರ್ ದುಡಿದಿದಾರೆ.

—

ಪಿಯು_ಫಿಸಿಕ್ಸ್ ಬರೆದದ್ದು:

ಒಳ್ಳೇದಾಯ್ತು ನೀವು ನೆನಪಿಸಿದ್ದು. ಒಂದು ಸೇರಿಸ್ತೀನಿ, ಮಗಳು "ಇದರಿಂದ ಏನು ಉಪಯೋಗ" ಅಂತ ಕೇಳೇ ಕೇಳ್ತಾಳೆ, ಆಗ 2017ರ ಆಗಸ್ಟ್ 17ರ ಕಥೆ ಹೇಳಿ. ಎರಡು ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯೋ ಬಹಳ ಒತ್ತಾದ ಗುಂಡು) ಡಿಕ್ಕಿ ಹೊಡೆದ ಅಲೆ ಬಂತು, ಸುಮಾರು 100 ಸೆಕೆಂಡ್ ಸಿಕ್ತು. ಅಲೆ ಮುಗಿದು 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣ. ಲೈಗೋ ಥರದ್ದೇ ಯಂತ್ರ, ಇಟಲಿಯ ವರ್ಗೋ, ಆಗ ಓಡ್ತಿತ್ತು, ಅದಕ್ಕೆ ಸಿಗ್ನಲ್ ಹೆಚ್ಚುಕಡಿಮೆ ಕೇಳಿಸಲೇ ಇಲ್ಲ, ಆದ್ರೆ ಆ ಕೇಳಿಸದೇ ಇದ್ದದ್ದೇ ಸುಳಿವಾಯ್ತು. ವರ್ಗೋಗೆ ಕಿವುಡಾಗಿರೋ ದಿಕ್ಕಿಂದ ಬಂದಿರ್ಬೇಕು ಅಂತ ಆಕಾಶದಲ್ಲಿ ಹುಡುಕೋ ಜಾಗ ಸಣ್ಣದಾಯ್ತು, ಅರ್ಧ ದಿನದೊಳಗೆ ಚಿಲಿಯ ದೂರದರ್ಶಕ 13 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಲಿ ಹೊಸ ಬೆಳಕಿನ ಚುಕ್ಕಿ ಹಿಡೀತು. ಚಿನ್ನ, ಪ್ಲಾಟಿನಂ ಥರದ ಭಾರದ ಧಾತುಗಳು ಇಂಥ ಡಿಕ್ಕಿಲಿ ಹುಟ್ಟುತ್ವೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಆ ಬೆಳಕಲ್ಲಿ ಸಿಕ್ತು. ಅಮ್ಮನ ಕಿವಿಯ ಓಲೆ ತೋರ್ಸಿ ಹೇಳಿ, ಮರೆಯಲ್ಲ.

ದಿಕ್ಕು ಇನ್ನೂ ಸರಿಯಾಗಿ ಸಿಗ್ಲಿ ಅಂತಾನೇ ನಮ್ಮ ದೇಶದಲ್ಲೂ ಒಂದು ಲೈಗೋ ಬರ್ತಿದೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆ ಔಂಢಾ ನಾಗನಾಥದ ಹತ್ರ. 2023ರ ಏಪ್ರಿಲಲ್ಲಿ ಕೇಂದ್ರ ಸಂಪುಟ ಸುಮಾರು 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಡ್ತು. ಬೀದರ್, ಕಲಬುರಗಿ ಕಡೆಯವ್ರಿಗೆ ಅಷ್ಟೇನೂ ದೂರ ಅಲ್ಲ.

—

ಹೆಸರಘಟ್ಟ_ಬಸ್ ಬರೆದದ್ದು:

ಅಕ್ಕ, ಕೊನೇದಾಗಿ ಮನೆಲೇ ಮಾಡೋ ಎರಡು ಕೆಲಸ. ಮೊದಲ ಸಿಗ್ನಲನ್ನ ಸದ್ದಾಗಿ ಬದಲಾಯಿಸಿ ಲೈಗೋದವ್ರೇ ವೆಬ್‌ಸೈಟಲ್ಲಿ ಹಾಕಿದಾರೆ, ಮಕ್ಕಳಿಗೆ ಕೇಳಿಸಿ. ಮೊಬೈಲ್ ಸ್ಪೀಕರಲ್ಲಿ ಕೆಳಗಿನ ಸ್ವರ ಹೊರಡೋದೇ ಇಲ್ಲ, ಇಯರ್‌ಫೋನ್ ಹಾಕಿ. ಬಾಹ್ಯಾಕಾಶದಲ್ಲಿ ನಿಜವಾದ ಶಬ್ದ ಇರಲಿಲ್ಲ, ಡೇಟಾದ ಏರಿಳಿತವನ್ನ ಸದ್ದು ಮಾಡಿದಾರೆ ಅಂತ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಮಗ ಅದನ್ನೂ ಹಿಡೀತಾನೆ.

ಎರಡನೇದು ಮಗಳಿಗೆ. ಝೂನಿವರ್ಸ್ ಅನ್ನೋ ಸೈಟಲ್ಲಿ ಗ್ರಾವಿಟಿ ಸ್ಪೈ ಅಂತ ಪ್ರಾಜೆಕ್ಟ್ ಇದೆ. ಲೈಗೋ ಡೇಟಾದಲ್ಲಿ ಬರೋ ಗದ್ದಲದ ಚಿತ್ರಗಳನ್ನ ಸಾಮಾನ್ಯ ಜನರೇ ನೋಡಿ ಇದು ಯಾವ ಜಾತಿ ಅಂತ ವಿಂಗಡಿಸೋದು, ಕಂಪ್ಯೂಟರ್ ಕಲಿಯೋದೂ ಅದರಿಂದಲೇ. ಬ್ಲಿಪ್, ವಿಸಲ್, ಕೋಯಿ ಫಿಶ್ ಅಂತೆಲ್ಲ ಹೆಸರಿಟ್ಟಿದಾರೆ, ಚಿತ್ರ ನೋಡಿದ್ರೆ ಮೀನಿನ ಹಾಗೇ ಇರುತ್ತೆ. ಜನ ವಿಂಗಡಿಸ್ತಾ ಹೊಸ ಜಾತಿಗಳನ್ನೂ ಕಂಡುಹಿಡಿದಿದಾರೆ. ಇಂಗ್ಲಿಷಲ್ಲಿದೆ, ಆದ್ರೆ ಓದೋದು ಕಡಿಮೆ ನೋಡೋದು ಜಾಸ್ತಿ, ಎಂಟನೇ ಕ್ಲಾಸಿಗೆ ಆರಾಮಾಗಿ ಆಗುತ್ತೆ. ನೀವು ಪಕ್ಕದಲ್ಲಿ ಕೂತು ಮೊದಲ ನಾಲ್ಕೈದು ಚಿತ್ರ ಒಟ್ಟಿಗೆ ಮಾಡಿ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಆ ಚಿತ್ರ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.